ಕನ್ನಡಕದಕ್ಕನ ಎದುರಿನ ಕುರ್ಚಿ

ಗೋಡೆಗೆ ಹಲಗೆ ಹೊಡೆಸೋಣ ಎಂದವಳು ನಾನೇ. ನಮ್ಮ ಯಜಮಾನರ ತಲೆಗೆ ಅಂಥದ್ದೆಲ್ಲ ಹೊಳೆಯುವುದಿಲ್ಲ.

ನಮ್ಮದು ಆರು ಮೇಜಿನ ನೂಡಲ್ಸ್ ಅಂಗಡಿ. ಒಲೆಯ ಮುಂದೆ ನಾನು, ಬಾಗಿಲಲ್ಲಿ ಅವರು. ಮಧ್ಯಾಹ್ನ ಒಂದು ಗಂಟೆಯಾಯಿತೆಂದರೆ ಮೂಗಿನ ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲ. ಜಾಗ ಸಾಲದೆ, ಗುರುತು ಪರಿಚಯವಿಲ್ಲದವರನ್ನೂ ಒಂದೇ ಮೇಜಿಗೆ ಎದುರುಬದುರು ಕೂರಿಸುತ್ತಿದ್ದೆವು. ಬಹಳ ಜನ ಮುಖ ಸಿಂಡರಿಸುತ್ತಿದ್ದರು. ಕನ್ನಡಕದಕ್ಕ ಮಾತ್ರ ಹಿಗ್ಗುತ್ತಿದ್ದರು.

ಪಕ್ಕದ ಬೀದಿಯ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ ಅವರದು. ಬೆಳಗ್ಗೆಯಿಂದ ಸಂಜೆಯವರೆಗೆ ಯಂತ್ರ, ಯಂತ್ರದ ಹಿಂದೆ ಗೋಡೆ. ಮದುವೆಯಾಗಲಿಲ್ಲ. ಜೊತೆಗಿದ್ದ ತಾಯಿ ತೀರಿಕೊಂಡು ಮೂರು ವರ್ಷ. ತಮ್ಮನೊಬ್ಬ ಇದ್ದಾನೆ, ಫೋನು ಮಾಡಿದರೆ ಎತ್ತುತ್ತಾನೆ, ಅಷ್ಟೇ. ನಮ್ಮಲ್ಲಿ ಎದುರಿಗೆ ಯಾರೇ ಕೂರಲಿ, ಖಾರದ ಎಣ್ಣೆಯ ಬಾಟಲಿ ಸರಿಸುತ್ತ ಮಾತು ತೆಗೆಯುತ್ತಿದ್ದರು. "ನಿಮ್ಮ ಕನ್ನಡಕ ಎಡಕ್ಕೆ ವಾಲಿದೆಯಲ್ಲ, ಕೊಡಿ ಇಲ್ಲಿ" ಎಂದು ಇಸಿದುಕೊಂಡು, ಕಡ್ಡಿ ನೆಟ್ಟಗೆ ಮಾಡಿ, ಸೆರಗಿನಿಂದ ಒರೆಸಿಯೂ ಕೊಡುತ್ತಿದ್ದರು.

ಒಬ್ಬೊಬ್ಬರೇ ಬರುವವರು ಕೂತು ತಿನ್ನಲೆಂದು ಗೋಡೆಗೆ ಉದ್ದದ ಹಲಗೆ ಬಂತು, ಎತ್ತರದ ಸ್ಟೂಲುಗಳು ಬಂದವು. ಕೂತರೆ ಮೂಗಿನ ಮುಂದೆ ಬರೀ ಗೋಡೆ. ಆವತ್ತು ಯಜಮಾನರು "ಎಷ್ಟು ಜನಮ್ಮಾ?" ಎಂದರು. ಅಕ್ಕ ಹಲಗೆಯನ್ನೊಮ್ಮೆ ನೋಡಿದರು.

"ಇಬ್ಬರು. ಇನ್ನೊಬ್ಬರು ಬರ್ತಾರೆ."

ಮೇಜು ಸಿಕ್ಕಿತು. ಇನ್ನೊಬ್ಬರು ಬರಲಿಲ್ಲ. ಮರುದಿನವೂ ಅದೇ ಮಾತು, ಅದೇ ಖಾಲಿ ಕುರ್ಚಿ. ಮೂರನೇ ದಿನ ನಾನು ಕೆಣಕಿದೆ. "ಯಾರಕ್ಕ ಅದು? ನಮಗೂ ತೋರಿಸಬಾರದಾ?" ಅಕ್ಕ ನಕ್ಕರು. ನನಗೋ ಸಂಭ್ರಮ. ಈ ವಯಸ್ಸಿಗಾದರೂ ಯಾರೋ ಸಿಕ್ಕಿದ್ದಾರೆ, ಪಾಪ, ಅವರ ಕುರ್ಚಿ ನಾನು ಕಾಯಬೇಕು ಎಂದುಕೊಂಡೆ. ಯಾರಾದರೂ ಅದರ ಮೇಲೆ ಕೈಯಿಟ್ಟರೆ ಸಾಕು, ಒಲೆಯ ಬಳಿಯಿಂದಲೇ ಗದರುತ್ತಿದ್ದೆ. ಹೀಗೆ ಎರಡು ವಾರ ಕಾದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಆ ಗುರುವಾರ ಅಂಗಡಿ ತುಂಬಿತ್ತು. ಚೀಲ ಹೊತ್ತ ಮುದುಕರೊಬ್ಬರು ಅಕ್ಕನ ಎದುರಿನ ಕುರ್ಚಿ ಎಳೆದು ಕೂತರು. ಅವರ ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಅಕ್ಕ ಆಗಲೇ ಕೈ ಚಾಚಿದ್ದರು.

"ಅಜ್ಜಾ, ಅಲ್ಲಿ ಬೇಡ! ಅವರ ಕಡೆಯವರು ಬರ್ತಾರೆ!" ಎಂದು ಕೂಗಿದೆ.

ಅಜ್ಜ ಬೆಚ್ಚಿ ಎದ್ದು ಹಲಗೆಯ ಕಡೆ ಹೋದರು. ಅಕ್ಕ ಚಮಚ ಕೆಳಗಿಟ್ಟರು.

"ಯಾರೂ ಬರಲ್ಲ ಕಣಮ್ಮ. ಮೇಜು ಸಿಕ್ರೆ ಎದುರಿಗೆ ಯಾರಾದ್ರೂ ಕೂರ್ತಾರೆ ಅಂತಾನೇ ಸುಳ್ಳು ಹೇಳಿದ್ದು. ನೀನು ಒಬ್ಬರನ್ನೂ ಕೂರೋಕೆ ಬಿಡಲಿಲ್ಲ."

ಅಂಗಡಿಯಲ್ಲಿದ್ದವರೆಲ್ಲ ಅವರನ್ನೇ ನೋಡಿದರು. ಅರ್ಧ ಬಟ್ಟಲು ಹಾಗೇ ಬಿಟ್ಟು ಅಕ್ಕ ಎದ್ದು ಹೋದರು.

ಮರುದಿನ ಬರುವುದಿಲ್ಲವೆಂದುಕೊಂಡಿದ್ದೆ. ಬಂದರು. ಯಜಮಾನರು ಕೇಳುವ ಮೊದಲೇ "ಒಬ್ಬಳೇ" ಎಂದು ನೇರ ಹಲಗೆಗೆ ಹೋಗಿ, ಸ್ಟೂಲು ಹತ್ತಿ, ಗೋಡೆಗೆ ಮುಖ ಮಾಡಿ ಕೂತರು. ಕರೆದೆ, ತಿರುಗಲಿಲ್ಲ. ಸೌಟು ಎಸೆದೆ.

"ರೀ, ಸ್ಕ್ರೂಡ್ರೈವರ್ ತನ್ನಿ. ಈ ಹಾಳು ಹಲಗೆ ಈಗಲೇ ಬಿಚ್ಚಿ!"

"ಸ್ವಲ್ಪ ತಡಿಯೇ," ಎಂದರು ಯಜಮಾನರು ಮೆಲ್ಲಗೆ. "ಅವರಿನ್ನೂ ತಿಂತಾ ಇದಾರೆ."