ಉಪವಾಸ ಕಳಿಸಿದ ಕೌದಿ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಬಾಯಿ ತೆಗೆದರೆ ನಗುತ್ತಿದ್ದವಳು ನಾನು. ಮೂವತ್ತು ವರ್ಷ ಗಜೇಂದ್ರಗಡದ ಶಾಲೆಯಲ್ಲಿ ವಿಜ್ಞಾನ ಕಲಿಸಿದ್ದೇನೆ. ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ನೀವು ನಂಬದಿದ್ದರೂ ನನ್ನ ತಕರಾರಿಲ್ಲ.

ನಿವೃತ್ತಿಯ ನಂತರ ನಮ್ಮ ಓಣಿಯ ಐದಾರು ಹೆಂಗಸರು ಸೇರಿ ಒಂದು ಸಣ್ಣ ಮಕ್ಕಳ ಆಸ್ಪತ್ರೆಗೆ ಕೈಲಾದದ್ದು ಮಾಡುತ್ತಿದ್ದೆವು. ಅಲ್ಲಿ ಮಂಚಗಳಿದ್ದವು, ಹೊದಿಕೆಗಳಿರಲಿಲ್ಲ. ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದು ಕೊಡುತ್ತಿದ್ದೆವು. ಬುಧವಾರ ಮಧ್ಯಾಹ್ನ ಗಂಜಿ ಒಯ್ಯುತ್ತಿದ್ದೆವು. ಕೌದಿಯ ಕೊನೆಯ ಮೂಲೆ ಹೊಲಿಯುವ ಮುನ್ನ ಒಳಗೊಂದು ಚೂರು ರೊಟ್ಟಿ, ಚಿಟಿಕೆ ಸಕ್ಕರೆ ಇಡುವುದು ನಮ್ಮವರ ರೂಢಿ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಅದರಿಂದ ಒಮ್ಮೆ ಹಾಸಿಗೆಗೆ ಇರುವೆ ಮುತ್ತಿ ನರ್ಸ್ ಬೈದಿದ್ದರು. ಇನ್ನು ಮೇಲೆ ರೊಟ್ಟಿ ಬೇಡ ಎಂದು ನಾನು ಅಪ್ಪಣೆ ಮಾಡಿದೆ.

ನಮ್ಮಲ್ಲಿ ಹಿರಿಯಳಾದ ಗಂಗವ್ವ ಸೂಜಿ ಕೆಳಗಿಟ್ಟಳು. "ಉಪಾಸ ಕಳಸಬ್ಯಾಡ್ರಿ ಅಕ್ಕಾರ. ಹೊಚ್ಚಗೊಳ್ಳೋವ್ರು ಸಣ್ಣ ಹುಡುಗ್ರು."

"ಬಟ್ಟಿಗೆ ಎಲ್ಲೈತಿ ಹೊಟ್ಟಿ, ಗಂಗವ್ವಾ?" ಎಂದು ನಕ್ಕು ಅವಳ ಕೈಲಿದ್ದ ಕೌದಿಯ ಕೊನೆಯ ಮೂಲೆಯನ್ನು ಖಾಲಿಯಾಗಿಯೇ ನಾನು ಹೊಲಿದೆ.

ಮುಂದಿನ ಬುಧವಾರ ಹೊಳೆಮಣ್ಣೂರಿನ ರೇಣವ್ವನ ಮಗಳು ಭೂಮಿಕಾ ಅದೇ ಕೌದಿ ಹೊದ್ದು ಮಲಗಿದ್ದಳು. ಐದು ವರ್ಷದ ಹುಡುಗಿ, ನ್ಯುಮೋನಿಯಾ. ಮೂರು ದಿನದಿಂದ ತುತ್ತು ಮುಟ್ಟಿರಲಿಲ್ಲ. ಗಂಜಿಯ ಬಟ್ಟಲು ಹಿಡಿದು ಕೂತೆ. ಅವಳು ಕಣ್ಣು ತೆರೆಯದೆ, "ನನಗ ಹಸಿವಿಲ್ಲ. ಇದಕ್ಕ ಹಸಿವಾಗೇತಿ" ಎಂದು ಕೌದಿಯ ಮೂಲೆ ತೋರಿಸಿದಳು.

ಜ್ವರದ ಬಡಬಡಿಕೆ ಎಂದುಕೊಂಡು ಹೊದಿಕೆ ಸರಿಪಡಿಸಲು ಆ ಮೂಲೆಗೆ ಕೈ ಹಾಕಿದೆ. ಒದ್ದೆಯಾಗಿತ್ತು, ಬೆಚ್ಚಗಿತ್ತು. ಎಳೆಗರು ಚೀಪಿದಂತೆ ಏನೋ ನನ್ನ ಬೆರಳನ್ನು ಮೆಲ್ಲಗೆ ಒಳಗೆಳೆಯಿತು. ಹೊಲಿಗೆ ಬಿಚ್ಚಿರಲಿಲ್ಲ. ಹಾಡುಹಗಲು, ಪಕ್ಕದ ಮಂಚದ ಹತ್ತಿರ ಯಾರೋ ಮೊಬೈಲಿನಲ್ಲಿ ಮಾತಾಡುತ್ತಿದ್ದರು. ಬೆರಳು ಕಿತ್ತುಕೊಂಡು ಕೌದಿಯನ್ನು ಎಳೆದೆ, ಬರಲಿಲ್ಲ. ನೀರಲ್ಲಿ ನೆನೆದ ಗಾದಿಯಷ್ಟು ಭಾರವಾಗಿತ್ತು.

ಅಷ್ಟರಲ್ಲಿ ಹುಡುಗಿಯ ತುಟಿ ನೀಲಿಗಟ್ಟಿತು. "ಅಕ್ಕಾರ, ನನ್ನ ಮಗಳು ಉಸರಾಡವಲ್ಲಳ್ರಿ!" ಎಂದು ರೇಣವ್ವ ಚೀರಿದಳು. ಇದ್ದ ಒಂದೇ ಆಕ್ಸಿಜನ್ ಯಂತ್ರವನ್ನು ನರ್ಸ್ ಆಚೆ ಕೋಣೆಯಿಂದ ದೂಡಿಕೊಂಡು ಬರುತ್ತಿದ್ದರು. ನನಗೆ ಏನು ಹೊಳೆಯಿತೋ, ಟ್ರೇಯಲ್ಲಿದ್ದ ಕತ್ತರಿಯಿಂದ ಮೂಲೆ ಬಿಚ್ಚಿ, ರೇಣವ್ವನ ಬುತ್ತಿಯ ರೊಟ್ಟಿ ಮುರಿದು ಒಳಗೆ ತುರುಕಿದೆ. ಅದೇ ಗಳಿಗೆಗೆ ನರ್ಸ್ ಮಾಸ್ಕ್ ಹಾಕಿದರು. ಹುಡುಗಿ ಉಸಿರೆಳೆದಳು. ಯಾವುದರಿಂದ ಎಂದು ನನ್ನನ್ನು ಕೇಳಬೇಡಿ. ಸಂಜೆ ತಾನೇ ಗಂಜಿ ಬೇಡಿ ಕುಡಿದಳು. ಮೂಲೆಯಲ್ಲಿ ರೊಟ್ಟಿ ಉಳಿದಿದೆಯೋ ಇಲ್ಲವೋ ನೋಡುವ ಧೈರ್ಯ ನನಗಾಗಲಿಲ್ಲ.

ಅವರು ಊರಿಗೆ ಹೊರಟ ದಿನ ಕೌದಿಯನ್ನು ಕೇಳಿದೆ, ಸುಟ್ಟುಬಿಡೋಣವೆಂದು. ರೇಣವ್ವ ಅದನ್ನು ಎದೆಗವಚಿಕೊಂಡಳು. "ನೀವು ರೊಟ್ಟಿ ಇಟ್ಟ ಕೂಡ್ಲೆ ಇದ ನನ್ನ ಮಗಳನ್ನ ಉಳಿಸಿದ್ದರಿ. ನಾ ಕೊಡಂಗಿಲ್ಲ." ನನ್ನ ತಪ್ಪನ್ನು ಹೇಳಿಕೊಳ್ಳಲು ನಾಚಿಕೆಯಾಗಿ ಸುಮ್ಮನಾದೆ.

ಇದಾಗಿ ನಾಲ್ಕು ವರ್ಷ. ಅದೇನೆಂದು ನನಗೆ ಇಂದಿಗೂ ತಿಳಿದಿಲ್ಲ. ಇವತ್ತು ಸಂಜೆ ರೇಣವ್ವ ಫೋನ್ ಮಾಡಿದ್ದಳು. ಎರಡನೆಯ ಹೆರಿಗೆಯಾಗಿದೆ. "ಗಂಡ ಕೂಸ್ರಿ. ನೀವು ಕೊಟ್ಟ ಕೌದ್ಯಾಗನ ಮಲಗಸ್ತೀನಿ. ಆದ್ರ ಯಾಕೋ ನಿನ್ನಿಯಿಂದ ಹಾಲು ಕುಡಿಯವಲ್ದು."

ಮೊದಲು ಆ ಕೌದಿ ತೆಗೆ ಎಂದು ಕೂಗಿ, ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

"ಇಷ್ಟ ದಿನಾ ಯಾಕ ಹೇಳಲಿಲ್ರಿ ಅಕ್ಕಾರ?" ಎಂದಳು.

ಫೋನ್ ಕಟ್ಟಾಯಿತು. ಆಮೇಲೆ ಎಷ್ಟು ಸಲ ಹಚ್ಚಿದರೂ ಎತ್ತುತ್ತಿಲ್ಲ. ನಾಳೆ ಮುಂಜಾನೆಯ ಮೊದಲ ಬಸ್ಸಿಗೆ ಹೊಳೆಮಣ್ಣೂರಿಗೆ ಹೊರಡುತ್ತೇನೆ.