ಉದಗೀರ ಕೋಟೆಯಲ್ಲಿ ತಡವಾದ ಪೂಜೆ

ನಮ್ಮ ಮನೆಯಲ್ಲಿ ಬೆಳಗಿನ ಕ್ರಮ ತಪ್ಪುವುದಿಲ್ಲ. ಎಂಟಕ್ಕೆ ಸರಿಯಾಗಿ ಹೆಂಡತಿಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ನಾನೇ ಕೊಡುತ್ತೇನೆ. ಕೂಡಲೇ ಇಬ್ಬರೂ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುತ್ತೇವೆ. ಎಂಟೂವರೆಗೆ ಊಟ. ಪೂಜೆಯಾಗದೆ ಹನಿ ನೀರೂ ಬಾಯಿಗೆ ಹೋಗುವುದಿಲ್ಲ.

ಕಳೆದ ಚಳಿಗಾಲದಲ್ಲಿ ಉದಗೀರ ಕೋಟೆ ನೋಡಲೆಂದು ಕಾಸಾರಶಿರಸಿಯಿಂದ ಮೊದಲ ಬಸ್ಸು ಹಿಡಿದೆವು. ಕೋಟೆಯೊಳಗೆ ಹಳೆಯ ಋಷಿಯೊಬ್ಬರ ಗುಡಿಯಿದೆ. ಅಂದಿನ ಪೂಜೆ ಅಲ್ಲೇ ಎಂದು ಗೊತ್ತುಮಾಡಿದ್ದೆ. ವಲಾಂಡಿ ದಾಟುವಾಗ ಎಂಟಾಯಿತು. ಗಡಿಯಾರ ನೋಡಿ ಬಸ್ಸಿನಲ್ಲೇ ಸೂಜಿ ಚುಚ್ಚಿದೆ. ಸ್ವಲ್ಪ ಹೊತ್ತಿಗೆ ಟೈರು ಒಡೆದು ಬಸ್ಸು ನಿಂತಿತು. ಕೋಟೆ ಮುಟ್ಟಿದಾಗ ಒಂಬತ್ತೂವರೆ.

ಕಂದಕದಲ್ಲಿ ಪಾಚಿಗಟ್ಟಿದ ನೀರು. ಒಂದು ಬಾಗಿಲು ದಾಟಿದರೆ ಇನ್ನೊಂದು; ನಡುವೆ ಎತ್ತರದ ಗೋಡೆಗಳ ಇಕ್ಕಟ್ಟಾದ ಹಾದಿ. ಒಳಹೊಕ್ಕ ವೈರಿ ಹಿಂದಿರುಗಬಾರದೆಂದೇ ಹಾಗೆ ಕಟ್ಟಿದ್ದು. ಪೇಟೆಯ ಗದ್ದಲ ಅಲ್ಲಿಗೆ ಬರುತ್ತಿರಲಿಲ್ಲ. ಬಾವಲಿಗಳ ವಾಸನೆ ಮಾತ್ರ.

“ಲಗೂ ನಡಿ, ತಡಾ ಆಗ್ಯಾದ,” ಎಂದೆ.

“ಈ ಕೋಟಿ ಕಟ್ಟಿದ ಬಾದಶಹಾ ಬಿ ನಿಮ್ಮಷ್ಟು ಗಡಿಯಾಳ ನೋಡಿರಲಿಕ್ಕಿಲ್ರೀ,” ಎಂದು ಆಕೆ ನಕ್ಕಳು.

ಎರಡನೆಯ ಬಾಗಿಲಲ್ಲಿ ಹಿಂದಿನ ಹೆಜ್ಜೆಸದ್ದು ನಿಂತಿತು. ತಿರುಗಿದೆ. ಆಕೆ ಗೋಡೆ ಹಿಡಿದು ನಿಂತಿದ್ದಳು. ಆ ತಣ್ಣನೆಯ ನೆರಳಿನಲ್ಲೂ ಕೊರಳೆಲ್ಲ ಬೆವರು.

“ದಣಿದಿಯೇನ?”

ಆಕೆ ನನ್ನನ್ನು ಬಹಳ ಹೊತ್ತು ನೋಡಿದಳು. “ನೀವು ಯಾರ್ರೀ?”

ನನ್ನ ಕೂಗಿಗೆ ಕಾವಲುಗಾರ ಓಡಿಬಂದು ಆಕೆಯನ್ನು ಕಟ್ಟೆಯ ಮೇಲೆ ಕೂಡಿಸಿದ. “ಶುಗರ್ ಅದಾ ಏನ್ ಕಾಕಾ? ಸೂಜಿ ಮಾಡಿ ಉಣಲಿಲ್ಲಂದ್ರ ನಮ್ಮ ಆಯೀಗಿ ಬಿ ಶುಗರ್ ಇಳಿದು ಹಿಂಗೇ ಆಗ್ತಿತ್ತು. ಏನರೆ ತಿನಸೀರಿಲ್ಲ?”

“ಪೂಜಿ ಆಗಿಲ್ಲ.”

“ಪೂಜಿ ಮಾಡ್ಲಾಕ ಜೀವ ಇರಬೇಕಲ್ರೀ ಕಾಕಾ!” ಅವನು ತನ್ನ ಬಾಟಲಿಯ ಚಹಾ ಬಗ್ಗಿಸಿ ಕೊಟ್ಟ. ಪಾಕದಂಥ ಸಿಹಿ ಚಹಾ.

ಆಕೆ ಹಲ್ಲು ಕಚ್ಚಿದಳು. ನನ್ನನ್ನು ಮರೆತಿದ್ದಳು, ಪೂಜೆಯನ್ನು ಮರೆತಿರಲಿಲ್ಲ. ಆಕೆಯ ಕೊರಳಿನ ಲಿಂಗ ತೆಗೆದು ಆಕೆಯ ಅಂಗೈಯಲ್ಲಿಟ್ಟೆ. “ಆತು. ಪೂಜಿ ಆತು, ಕುಡಿ.”

“ನೀರಿಲ್ಲ, ಪತ್ರಿ ಇಲ್ಲ. ಸುಳ್ಳು.”

“ಹೌದು, ಸುಳ್ಳು. ಪಾಪ ನಂದು. ಕುಡಿ.”

ಮೊದಲ ಗುಟುಕು ಗದ್ದದ ಮೇಲೆ ಹರಿಯಿತು. ಎರಡನೆಯದು ಒಳಗಿಳಿಯಿತು. ಕಾಲು ಗಂಟೆಯಾದ ಮೇಲೆ ನನ್ನ ಗುರುತು ಹಿಡಿದಳು. ನಾಲಿಗೆಯಿಂದ ತುಟಿ ಸವರಿಕೊಂಡು, “ನಾ ಏನರೆ ಕುಡದೀನೇನ್ರೀ? ಪೂಜಿ ಮಾಡಿ ಕುಡದೀನಾ?” ಎಂದಳು.

ಹೌದು ಎನ್ನಬಹುದಿತ್ತು. “ಇಲ್ಲ,” ಎಂದೆ.

ಆಕೆ ಬೈಯಲಿಲ್ಲ. “ನೀರು ತರ್ರಿ,” ಎಂದಷ್ಟೇ ಹೇಳಿದಳು. ಕಾವಲುಗಾರ ಕೊಡ ತಂದ. ಗುಡಿ ಇನ್ನೂ ದೂರವಿತ್ತು. ಆ ಕತ್ತಲ ಬಾಗಿಲಲ್ಲೇ, ಬಾವಲಿಗಳ ಕೆಳಗೆ, ಆಕೆ ಲಿಂಗಕ್ಕೆ ನೀರೆರೆದು ಕಣ್ಣು ಮುಚ್ಚಿದಳು. ನಾನು ನನ್ನ ಪೂಜೆ ಶುರುಮಾಡಲಿಲ್ಲ. ಆಕೆ ಕಣ್ಣು ತೆರೆಯುವವರೆಗೂ ಆ ರೆಪ್ಪೆಗಳನ್ನೇ ನೋಡುತ್ತ ಕುಳಿತೆ.