ಒಂದೇ ಕವರಿನಲ್ಲಿ ಎರಡು ಕಾಪಿ

ಆಗ ನನಗೆ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ಕುಶಾಲನಗರದಲ್ಲಿ ಹೊಳೆ ಉಕ್ಕಿ ನಮ್ಮ ಮನೆಯೊಳಗೆ ಸೊಂಟದ ಮಟ್ಟ ನೀರು ನಿಂತಿತ್ತು. ಇಳಿದ ಮೇಲೆ ತೊಳೆದು ಒಣಹಾಕಿಕೊಂಡೆವು. ಅದಕ್ಕೆಲ್ಲ ಅಳುತ್ತ ಕೂರುವವಳಲ್ಲ ನಾನು.

ಅದೇ ವಾರ ನನ್ನ ಅಕ್ಕ ತೀರಿಕೊಂಡಳು. ಫೋಟೋ ಅಂದರೆ ಅವಳಿಗೆ ಆಗುತ್ತಿರಲಿಲ್ಲ, ಎದ್ದು ಒಲೆ ಮುಂದೆ ಹೋಗಿ ಕೂರುತ್ತಿದ್ದಳು. ನನ್ನ ಮೊಮ್ಮಗಳ ಮದುವೆಯಲ್ಲಿ ಮಾತ್ರ ಸೊಸೆ ಹಿಡಿದು ನಿಲ್ಲಿಸಿ ಮೊಬೈಲಿನಲ್ಲಿ ತೆಗೆದಿದ್ದಳು. ಬೇರೆ ಒಂದೂ ಇಲ್ಲ. "ಹನ್ನೊಂದನೇ ದಿನಕ್ಕೆ ಅವ್ವನ ಫೋಟೋ ಇಡಬೇಕು ಚಿಕ್ಕಮ್ಮ" ಅಂತ ಅಕ್ಕನ ಮಗ ಬಂದ.

"ಹಳೇ ಮೊಬೈಲಲ್ಲೂ ಇದೆ, ಪೆನ್‌ಡ್ರೈವಲ್ಲೂ ಇದೆ" ಅಂತ ಸೊಸೆ ಧೈರ್ಯವಾಗಿ ಹೋಗಿ ನೀರು ಇಳಿದ ಮೇಲೂ ತೆರೆಯದೇ ಇದ್ದ ಬೀರುವಿನ ಕೆಳಗಿನ ಖಾನೆ ಎಳೆದಳು. ಪ್ಲಾಸ್ಟಿಕ್ ಕವರು ಎತ್ತಿದರೆ ಕೆಸರು ನೀರು ಸುರಿಯಿತು. ಎರಡೂ ಅದರೊಳಗೇ.

"ಎರಡನ್ನೂ ಒಟ್ಟಿಗೆ ಇಟ್ಟಿದ್ಯಾ?"

"ಕಳೆದುಹೋಗಬಾರದು ಅಂತ ಗಂಟು ಹಾಕಿಟ್ಟಿದ್ದೆ ಅತ್ತೆ."

"ಬಿತ್ತನೆ ಶುಂಠಿ ಪೂರ್ತಿ ಒಂದೇ ಗುಂಡಿಗೆ ಹಾಕ್ತೀಯೇನೇ? ಕೊಳೆ ಬಂದ್ರೆ ಏನು ನೆಡ್ತೀಯ?"

"ಇದು ಶುಂಠಿ ಅಲ್ಲ ಅತ್ತೆ."

"ಶುಂಠಿ ಆಗಿದ್ರೆ ನೀನೇ ಎರಡು ಗುಂಡಿ ತೋಡ್ತಿದ್ದೆ. ಅತ್ತಿದ್ದು ಸಾಕು, ಚಪ್ಪಲಿ ಹಾಕ್ಕೋ."

ಮೊಬೈಲ್ ಅಂಗಡಿಯವನು ಹಳೇ ಮೊಬೈಲ್ ಸತ್ತಿದೆ ಅಂದ. ಪೆನ್‌ಡ್ರೈವ್ ಬಿಚ್ಚಿ ಕೆಸರು ತೆಗೆದು, "ಒಣಗಲಿ ಅಜ್ಜಿ, ನಾಲ್ಕು ದಿನ ಬಿಟ್ಟು ಬನ್ನಿ. ಬರುತ್ತೆ ಅಂತ ಮಾತು ಕೊಡಲ್ಲ" ಅಂದ. ಒಣಗುವ ಮುಂಚೆ ಕಂಪ್ಯೂಟರಿಗೆ ಚುಚ್ಚಬೇಡ ಅಂತ ನಾನೂ ಎರಡು ಸಲ ಹೇಳಿ ಬಂದೆ.

ನಾಲ್ಕನೇ ದಿನ ಸಂಜೆ ಹೋದೆವು. ಪೆನ್‌ಡ್ರೈವ್ ತೆರೆಯಿತು. ಅಕ್ಕ ಹುಬ್ಬು ಗಂಟಿಕ್ಕಿ ಸೊಸೆಯನ್ನು ಬೈಯುವ ಹಾಗೆ ನಿಂತಿದ್ದಳು. ಅದನ್ನೇ ದೊಡ್ಡದು ಮಾಡಿಸಿ ಅಕ್ಕನ ಮಗನಿಗೆ ಕೊಟ್ಟೆವು.

"ಈ ಪೆನ್‌ಡ್ರೈವ್ ಇನ್ನು ನಂಬಬೇಡಿ" ಅಂದ ಅಂಗಡಿಯವನು. ಎಲ್ಲವನ್ನೂ ಎರಡು ಹೊಸ ಪೆನ್‌ಡ್ರೈವಿಗೆ ಹಾಕಿಸಿದೆ. ಇಂಟರ್ನೆಟ್ಟಿನಲ್ಲೂ ಒಂದು ಕಾಪಿ ಇಡಬಹುದಂತೆ. ಸೊಸೆಯ ಹೊಸ ಮೊಬೈಲಿನಿಂದ ಅದನ್ನೂ ಮಾಡಿಸಿದೆ. ಕಣ್ಣಿಗೆ ಕಾಣದ ಜಾಗ, ಆದರೂ ಅಲ್ಲಿಗೆ ಹೊಳೆ ನೀರು ಹೋಗಲಿಕ್ಕಿಲ್ಲ.

ಮಾರನೇ ದಿನ ಬೆಳಿಗ್ಗೆ ಒಂದು ಪೆನ್‌ಡ್ರೈವನ್ನು ಎಲೆ ಅಡಿಕೆ ಚೀಲದಲ್ಲಿಟ್ಟುಕೊಂಡು ವಿರಾಜಪೇಟೆ ಬಸ್ಸು ಹತ್ತಿದೆ. ಮಗಳ ಮನೆ ಅಲ್ಲಿ ಗುಡ್ಡದ ಮೇಲಿದೆ, ಒಂದು ಕಾಪಿ ಹೊಳೆಯಿಂದ ದೂರ ಅಲ್ಲೇ ಇರಲಿ ಅಂತ. ಕಾಫಿ ಆಮೇಲೆ ಅಂದೆ. ಅವಳ ಕಂಪ್ಯೂಟರಿಗೆ ಹಾಕಿಸಿ, ಮೊದಲಿಂದ ಕೊನೆಯವರೆಗೆ ಒಂದೊಂದೇ ಫೋಟೋ ತೆರೆಸಿ ನೋಡಿದೆ.